ಲೇಬಲ್ ಕೇಳಿದರು, ಬ್ರೆಡ್‌ಗೇ ಎಳ್ಳು ಬಂತು

2022ರ ಕೊನೆಯಲ್ಲಿ ಅಮೆರಿಕದ ಕೆಲವು ಬೇಕರಿ ಕಂಪನಿಗಳು ವಿಚಿತ್ರ ಕೆಲಸ ಮಾಡಿದವು. ಅಲ್ಲಿವರೆಗೆ ಎಳ್ಳೇ ಹಾಕದ ಬ್ರೆಡ್, ಬನ್‌ಗಳಿಗೆ ಬೇಕಂತಲೇ ಒಂಚೂರು ಎಳ್ಳಿನ ಹಿಟ್ಟು ಸೇರಿಸಿದವು. ಪ್ಯಾಕೆಟ್ ಮೇಲೆ 'ಎಳ್ಳು ಇದೆ' ಅಂತ ಅಚ್ಚು ಹಾಕಿದವು. ಎಳ್ಳಿನ ಅಲರ್ಜಿ ಇರುವವರನ್ನು ಕಾಪಾಡಲು ಬಂದ ಕಾನೂನು ಜಾರಿಯಾಗಲು ಆಗ ಕೆಲವೇ ವಾರ ಬಾಕಿ ಇತ್ತು!

ಈ ಕಾನೂನು ಸುಮ್ನೆ ಬಂದದ್ದಲ್ಲ. ಅಸ್ತಮಾ ಇದ್ದ ಮಗಳ ತಾಯಿ ನ್ಯಾನ್ಸಿ ಸ್ಯಾಂಡರ್ 1985ರಲ್ಲೇ ಅಲ್ಲಿ ತಾಯಂದಿರ ಒಂದು ಸಂಘ ಕಟ್ಟಿದ್ದರು. ಇಂಥ ಸಂಘಗಳು ರೋಗಿಗಳನ್ನೂ ಮಕ್ಕಳನ್ನೂ ವಾಷಿಂಗ್ಟನ್‌ಗೆ ಕರೆದೊಯ್ದು ಸಂಸದರ ಎದುರು ಕೂರಿಸುವ ರೂಢಿ ಬೆಳೆಸಿದವು. ಅಂಕಿಅಂಶದ ಕಡತಕ್ಕಿಂತ ಎದುರಿಗೆ ಕೂತ ಮಗುವಿನ ಮಾತಿಗೆ ತೂಕ ಜಾಸ್ತಿ, ಅಲ್ವಾ?

2004ರಲ್ಲಿ ಎರಡು ಕಾನೂನು ಬಂದವು. ಒಂದು ಇನ್‌ಹೇಲರ್‌ಗೆ ಸಂಬಂಧಿಸಿದ್ದು. ಎಷ್ಟೋ ಶಾಲೆಗಳಲ್ಲಿ ಮಕ್ಕಳ ಇನ್‌ಹೇಲರ್ ನರ್ಸ್ ಕೋಣೆಯ ಬೀರುವಿನಲ್ಲಿ ಇರುತ್ತಿತ್ತು. ಉಸಿರು ಕಟ್ಟಿದ ಮಗು ಅಲ್ಲಿವರೆಗೆ ಹೋಗಬೇಕಿತ್ತು. ಮಕ್ಕಳು ಅದನ್ನು ಜೊತೆಯಲ್ಲೇ ಇಟ್ಟುಕೊಳ್ಳಲು ಬಿಡುವ ರಾಜ್ಯಗಳಿಗೆ ಅನುದಾನದಲ್ಲಿ ಆದ್ಯತೆ ಅಂತ ಆ ಕಾನೂನು ಹೇಳಿತು. ಬಲವಂತವೇನೂ ಇರಲಿಲ್ಲ, ಆಸೆ ತೋರಿಸುವ ದಾರಿ.

ಇನ್ನೊಂದು ಆಹಾರದ ಲೇಬಲ್‌ನದು. ಅದಕ್ಕೂ ಮುಂಚೆ ಹಾಲಿನ ಅಂಶವಿದ್ದರೂ 'ಕೇಸಿನ್' ಅಂತಷ್ಟೇ ಬರೆದರೆ ಸಾಕಿತ್ತು. ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಬಾದಾಮಿ-ಗೋಡಂಬಿಯಂಥವು, ಕಡಲೆಕಾಯಿ, ಗೋಧಿ, ಸೋಯಾ ಈ ಎಂಟನ್ನು ಎಲ್ಲರಿಗೂ ಗೊತ್ತಾಗುವ ಹೆಸರಿನಲ್ಲೇ ಬರೆಯಬೇಕು ಅಂತ ಆಯಿತು. 2006ರ ಜನವರಿಯಿಂದ ಇದು ಜಾರಿಗೆ ಬಂತು.

ಎಳ್ಳು ಆ ಪಟ್ಟಿಯಲ್ಲಿ ಇರಲಿಲ್ಲ. 'ಮಸಾಲೆ', 'ನೈಸರ್ಗಿಕ ರುಚಿ' ಅನ್ನುವ ಮಾತಿನ ಹಿಂದೆ ಅದು ಅಡಗಿ ಕೂರಬಹುದಿತ್ತು. ಯುರೋಪಿನಲ್ಲಿ 2003ರ ನಿಯಮದಲ್ಲೇ ಎಳ್ಳು ಸೇರಿತ್ತು. ಅಮೆರಿಕದಲ್ಲಿ 2014ರಲ್ಲಿ ಒಂದು ಗ್ರಾಹಕ ಸಂಸ್ಥೆ ವೈದ್ಯರ ಜೊತೆ ಸೇರಿ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎಗೆ ಎಳ್ಳನ್ನೂ ಲೇಬಲ್‌ನಲ್ಲಿ ಬರೆಸಿ ಅಂತ ಅರ್ಜಿ ಹಾಕಿತು. ಎಫ್‌ಡಿಎ ಮಾಹಿತಿ ಕೇಳಿದ್ದೇ 2018ರಲ್ಲಿ. ಇಷ್ಟು ನಿಧಾನವಾದರೆ ಜನ ಸಂಸತ್ತಿನ ಬಾಗಿಲು ತಟ್ಟದೆ ಇನ್ನೇನು ಮಾಡುತ್ತಾರೆ? 2020ರ ನವೆಂಬರ್‌ನಲ್ಲಿ ಕೆಳಮನೆ ಎಳ್ಳನ್ನು ಪಟ್ಟಿಗೆ ಸೇರಿಸುವ ಮಸೂದೆಯನ್ನು ಒಪ್ಪಿತು, ಆದರೆ ಆ ಸಂಸತ್ತಿನ ಅವಧಿಯೇ ಮುಗಿಯಿತು. ಮರುವರ್ಷ ಮತ್ತೆ ಮೊದಲಿಂದ ಶುರು. ಈ ಸಲ ಕೆಳಮನೆಯಲ್ಲಿ 415 ಮತ ಪರ, 11 ವಿರೋಧ. 2021ರ ಏಪ್ರಿಲ್ 23ರಂದು ಬೈಡನ್ ಸಹಿ ಹಾಕಿದರು. ಪಟ್ಟಿಯಲ್ಲಿ ಎಳ್ಳು ಒಂಬತ್ತನೆಯದಾಯಿತು.

ಎಡವಟ್ಟು ಆದದ್ದು ಆಮೇಲೆ. ಎಳ್ಳು ಸಣ್ಣ ಕಾಳು. ಒಂದೇ ಯಂತ್ರದಲ್ಲಿ ಎಳ್ಳಿನ ಬನ್ನೂ ಸಾದಾ ಬನ್ನೂ ತಯಾರಾಗುವ ಕಡೆ ಪೂರ್ತಿ ತೊಳೆದು ತೆಗೆಯುವುದು ಕಷ್ಟ, ಖರ್ಚು ಜಾಸ್ತಿ. 'ಇರಬಹುದು' ಅಂತ ಬರೆದುಬಿಟ್ಟರೆ ಶುಚಿ ಮಾಡುವ ಹೊಣೆ ತಪ್ಪುವುದಿಲ್ಲ. ಎಳ್ಳನ್ನೇ ಸೇರಿಸಿ 'ಇದೆ' ಅಂತ ಬರೆದರೆ ತಲೆನೋವೇ ಇಲ್ಲ! ಎಫ್‌ಡಿಎಗೆ ಇದು ಇಷ್ಟವಾಗಲಿಲ್ಲ, ಆದರೆ ಕಾನೂನುಬಾಹಿರ ಅನ್ನಲೂ ಆಗಲಿಲ್ಲ. ವರ್ಷಗಟ್ಟಲೆ ನಂಬಿ ತಿಂದ ಬ್ರೆಡ್ಡೇ ಮಕ್ಕಳಿಗೆ ನಿಷಿದ್ಧವಾಯಿತು. ಹೋರಾಟಗಾರರು ಲೇಬಲ್‌ನಲ್ಲಿ ಸತ್ಯ ಕೇಳಿದ್ದರು, ಅದು ಸಿಕ್ಕಿತು. ಎಳ್ಳಿಲ್ಲದ ಬ್ರೆಡ್ ಉಳಿಸಿ ಅಂತ ಕಾನೂನಿನಲ್ಲಿ ಎಲ್ಲೂ ಇರಲಿಲ್ಲ. ನನ್ನ ಲೆಕ್ಕದಲ್ಲಿ ತಪ್ಪು ತಾಯಂದಿರದಲ್ಲ. ಕಾರ್ಖಾನೆಯ ಲೆಕ್ಕಾಚಾರ ಬಲ್ಲವರು ಮಸೂದೆ ಬರೆಯುವಾಗಲೇ ಇದನ್ನು ಊಹಿಸಬೇಕಿತ್ತು.

2024ರ ಜೂನ್‌ನಲ್ಲಿ ಎಫ್‌ಡಿಎ ಬಿಂಬೊ ಬೇಕರೀಸ್ ಅನ್ನುವ ದೊಡ್ಡ ಬ್ರೆಡ್ ಕಂಪನಿಗೆ ಎಚ್ಚರಿಕೆ ಪತ್ರ ಕಳಿಸಿದ್ದು ಇನ್ನೊಂದು ಬಗೆಯ ಆಟಕ್ಕೆ. ಕೆಲವು ಬ್ರೆಡ್‌ಗಳಲ್ಲಿ ಹಾಕದ ಎಳ್ಳನ್ನೂ ಲೇಬಲ್‌ನಲ್ಲಿ ಹಾಕಿದಂತೆ ತೋರಿಸಲಾಗಿತ್ತು.

ಭಾರತದಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲಿ ಮಾಡಿದ ಲೇಬಲ್ ನಿಯಮದ ಅಲರ್ಜಿ ಪಟ್ಟಿಯಲ್ಲಿ ಕಡಲೆಕಾಯಿ, ಸೋಯಾ, ಹಾಲು ಎಲ್ಲ ಇವೆ. ಎಳ್ಳು ಇಲ್ಲ. ಇಲ್ಲಿಂದ ಅಮೆರಿಕದ ಇಂಡಿಯನ್ ಸ್ಟೋರ್‌ಗೆ ಹೋಗುವ ಚಿಕ್ಕಿ, ಚಟ್ನಿಪುಡಿಗಳಿಗೆ ಅಲ್ಲಿನ ನಿಯಮವೇ ಅನ್ವಯ. ಅದೇ ಚಟ್ನಿಪುಡಿಯನ್ನು ಇಲ್ಲಿ ಕೊಳ್ಳುವವರಿಗೆ ಪ್ರತ್ಯೇಕ ಎಚ್ಚರಿಕೆಯ ಸಾಲು ಸಿಗುತ್ತದೆ ಅನ್ನುವಂತಿಲ್ಲ. ಪದಾರ್ಥಗಳ ಸಾಲನ್ನು ತಾವೇ ಓದಿಕೊಳ್ಳಬೇಕು.