ಸಬ್ಸಿಡಿ ಕೇಳುವ ಮೊದಲು ಕರೆಂಟ್ ಬಿಲ್ ತೋರಿಸಿ

"ಸರ, ಸರಕಾರದವರು ಎಪ್ಪತ್ತೆಂಟು ಸಾವಿರ ಕೊಡ್ತಾರಂತಲ್ರೀ, ನಮ್ಮ ಮನೀಗೂ ಒಂದ್ ಸೋಲಾರ್ ಹಾಕಿಬಿಡ್ರಿ."

ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಆಗಿರುವ ನನಗೆ ಈಗ ಬರುವ ಫೋನ್‌ಗಳಲ್ಲಿ ಜಾಸ್ತಿ ಇದೇ ಮಾತು, ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿಯದು. ನಾನು ತಿರುಗಿ ಕೇಳುವುದು ಒಂದೇ: ಕಳೆದ ಒಂದು ವರ್ಷದ ಹೆಸ್ಕಾಂ ಬಿಲ್ ಇದೆಯಾ? ಬಹಳ ಜನರ ಹತ್ತಿರ ಇರುವುದಿಲ್ಲ. ಗೃಹಜ್ಯೋತಿ ಬಂದ ಮೇಲೆ ಬಿಲ್ ಓದುವ ರೂಢಿಯೇ ಹೋಗಿದೆ. ಕೆಳಗೆ ಸೊನ್ನೆ ಕಂಡರೆ ಸಾಕು, ಚೀಟಿ ಕಸದ ಬುಟ್ಟಿಗೆ.

ಆದರೆ ಮನೆಗೆ ಏನು ಹಾಕಿಸಬೇಕು, ಏನು ಬೇಡ ಅನ್ನುವುದನ್ನು ಹೇಳುವುದು ಆ ಚೀಟಿಯೇ. ತಿಂಗಳಿಗೆ 110 ಯೂನಿಟ್ ಸುಟ್ಟು ಸೊನ್ನೆ ಬಿಲ್ ಬರುವ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿದರೆ ಉಳಿಸುವುದು ಏನನ್ನು? ಕಟ್ಟದ ಬಿಲ್ಲನ್ನು ಕಡಿಮೆ ಮಾಡಲು ಬರುವುದಿಲ್ಲ. ಅಂಥವರಿಗೆ ನಾನು ನೇರವಾಗಿ ಬೇಡ ಅಂತ ಹೇಳುತ್ತೇನೆ. ಕೆಲವರು ಬೇಜಾರು ಮಾಡಿಕೊಂಡು ಬೇರೆಯವರ ಹತ್ತಿರ ಹೋಗುತ್ತಾರೆ, ಹೋಗಲಿ.

ನಿಜವಾದ ಲೆಕ್ಕ ಇರುವುದು 200ರ ಗಡಿಯಲ್ಲಿ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದು, ಅದರ ಮೇಲೆ ಶೇ 10. ಸರಾಸರಿ 150 ಇದ್ದರೆ ನಿಮ್ಮ ಪಾಲು 165. ಅದನ್ನು ದಾಟಿ 200ರ ಒಳಗೆ ಬಳಸಿದರೆ ಹೆಚ್ಚಾದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ನವನಗರದ ಒಂದು ಮನೆಯಲ್ಲಿ ಆಗಿದ್ದು ಇದೇ. ನಿವೃತ್ತ ಮೇಷ್ಟ್ರು, ಅವರ ಹೆಂಡತಿ, ಮಗ-ಸೊಸೆ, ಒಂದು ಮಗು. ಪಾಲು 165. ಚಳಿಗಾಲದಲ್ಲಿ, ಮತ್ತೆ ಬೇಸಿಗೆಯಲ್ಲಿ ಬಳಕೆ 215ರ ಸುತ್ತ ಓಡಾಡುತ್ತಿತ್ತು. ಈಗಿನ ದರದಲ್ಲಿ ಒಂದು ಯೂನಿಟ್ ತೆರಿಗೆ ಎಲ್ಲ ಸೇರಿ ಆರೂವರೆ ರೂಪಾಯಿಯ ಆಸುಪಾಸು ಬೀಳುತ್ತದೆ. ಮೇಲೆ ನಿಗದಿತ ಶುಲ್ಕ ಬೇರೆ. 215 ಯೂನಿಟ್ ಬಂದ ತಿಂಗಳು ಬಿಲ್ ಸಾವಿರದ ಐದುನೂರು ದಾಟುತ್ತದೆ. ಅದೇ 195 ಬಂದರೆ? 30 ಯೂನಿಟ್ ದುಡ್ಡು, ಇನ್ನೂರು ರೂಪಾಯಿ ಹೆಚ್ಚು ಕಡಿಮೆ. ನಡುವಿನ 20 ಯೂನಿಟ್‌ಗೆ ಇಷ್ಟು ದಂಡ ಅಲ್ವಾ!

ಮೇಷ್ಟ್ರು ಮೂರು ಕಿಲೋವ್ಯಾಟ್ ಸೋಲಾರ್‌ಗೆ ಕೊಟೇಶನ್ ತರಿಸಿಕೊಂಡೇ ಕೂತಿದ್ದರು. ನಾನು ಮನೆಯೊಳಗೆ ಒಂದು ಸುತ್ತು ಹಾಕಿದೆ. ಮೂರು ಹಳೆಯ ಫ್ಯಾನು, ಒಂದೊಂದೂ 75 ವ್ಯಾಟ್, ದಿನಕ್ಕೆ ಹನ್ನೆರಡು ತಾಸು ತಿರುಗುತ್ತವೆ. ಅದೇ ಗಾಳಿ ಕೊಡುವ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ, ಮೂರಕ್ಕೆ ಸುಮಾರು 48. ಬಚ್ಚಲಲ್ಲಿ 2 ಕಿಲೋವ್ಯಾಟ್ ಗೀಸರ್. ಬೆಳಿಗ್ಗೆ ಐದೂವರೆಗೆ ಅಮ್ಮ ಹಾಕಿದ ಸ್ವಿಚ್ಚು, ಮಗ ಸ್ನಾನ ಮುಗಿಸುವ ಒಂಬತ್ತರವರೆಗೆ ಕೆಂಪು ದೀಪ ಆರಿ ಹತ್ತುತ್ತಲೇ ಇರುತ್ತದೆ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿ ಸ್ವಿಚ್ ತೆಗೆದರೆ ದಿನಕ್ಕೆ ಅರ್ಧ ಯೂನಿಟ್ಟಾದರೂ ಉಳಿಯುತ್ತದೆ. ಇದಕ್ಕೆ ಖರ್ಚೇ ಇಲ್ಲ, ಆದರೆ ಮಗನನ್ನು ಏಳಿಸುವುದು ನನ್ನ ಕೆಲಸ ಅಲ್ಲ.

ಫ್ಯಾನಿಗೆ ಆದ ಖರ್ಚು ಒಂಬತ್ತು ಸಾವಿರದ ಒಳಗೆ. ಸೋಲಾರ್ ಮಾತು ಅಲ್ಲಿಗೆ ನಿಂತಿತು. ಫ್ಯಾನಿಗೆ ಸರಕಾರದ ಸಬ್ಸಿಡಿ ಯಾವುದೂ ಇಲ್ಲ. ಆದರೂ ಅವರ ಮನೆಯ ಮಟ್ಟಿಗೆ ಇದಕ್ಕಿಂತ ದೊಡ್ಡ ರಿಯಾಯಿತಿ ಇರಲಿಲ್ಲ. ಫ್ಯಾನ್ ತರುವಾಗ ಡಬ್ಬಿಯ ಮೇಲೆ ಸ್ಟಾರ್ ಚೀಟಿ ನೋಡಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಅದು ಕಡ್ಡಾಯ.

ಹಾಗಾದರೆ ಸೋಲಾರ್ ಯಾರಿಗೆ? ಗೃಹಜ್ಯೋತಿ ಸಿಗದವರಿಗೆ, ತಿಂಗಳಿಗೆ 300-350 ಯೂನಿಟ್ ಬಳಸುವವರಿಗೆ. ಎಸಿ ಇರುವ ಮನೆ, ಮಹಡಿ ಮೇಲೆ ಇನ್ನೊಂದು ಸಂಸಾರ ಒಂದೇ ಮೀಟರ್‌ನಲ್ಲಿರುವ ಮನೆ, ಬೋರ್‌ವೆಲ್ ಮೋಟರ್ ಓಡಿಸುವ ಮನೆ. ಇಂಥವರಿಗೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ ನಿಜಕ್ಕೂ ಒಳ್ಳೆಯದು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000. ಅಲ್ಲಿಗೆ ಮುಗಿಯಿತು. ಐದು ಹಾಕಿದರೂ ಅಷ್ಟೇ, ಹತ್ತು ಹಾಕಿದರೂ ಅಷ್ಟೇ. "ದೊಡ್ಡದು ಹಾಕಿಸ್ರಿ, ಸಬ್ಸಿಡಿ ಜಾಸ್ತಿ ಬರ್ತದ" ಅಂತ ಯಾರಾದರೂ ಹೇಳಿದರೆ ಅವರಿಗೆ ಒಂದು ಕಪ್ ಚಹಾ ಕೊಟ್ಟು ಕಳಿಸಿ.

ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಧಾರವಾಡದಲ್ಲಿ ಅಷ್ಟು ಬರುವುದಿಲ್ಲ, ಗದಗದಲ್ಲಿ ಮೋಡ ಸ್ವಲ್ಪ ಕಡಿಮೆ. ಮೂರು ಕಿಲೋವ್ಯಾಟ್‌ಗೆ ಎರಡು ಲಕ್ಷದ ಸುತ್ತಮುತ್ತ ಖರ್ಚು ಅಂತ ಇಟ್ಟುಕೊಳ್ಳಿ. ಸಬ್ಸಿಡಿ ಕಳೆದರೆ ಒಂದು ಲಕ್ಷದ ಇಪ್ಪತ್ತೆರಡು ಸಾವಿರ. 350 ಯೂನಿಟ್ ಬಳಸುವ ಮನೆಯಲ್ಲಿ ಹಾಕಿದ ದುಡ್ಡು ಐದು ವರ್ಷದ ಆಸುಪಾಸು ವಾಪಸ್ ಬರುತ್ತದೆ. ಬಳಕೆಗಿಂತ ದೊಡ್ಡದು ಹಾಕಿ ಉಳಿದದ್ದನ್ನು ಹೆಸ್ಕಾಂಗೆ ಮಾರುತ್ತೇನೆ ಅನ್ನುವ ಲೆಕ್ಕ ಬೇಡ. ಅವರು ಕೊಡುವ ದರ ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ.

ದುಡ್ಡು ಮೊದಲು ನೀವೇ ಹಾಕಬೇಕು. ಸಬ್ಸಿಡಿ ಬರುವುದು ಪ್ಯಾನೆಲ್ ಕೂಡಿಸಿ, ಬರುವ-ಹೋಗುವ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಹಾಕಿ, ಹೆಸ್ಕಾಂನವರು ನೋಡಿ ಒಪ್ಪಿದ ಮೇಲೆ, ನೇರ ನಿಮ್ಮ ಬ್ಯಾಂಕ್ ಖಾತೆಗೆ. ಕೈಯಲ್ಲಿ ದುಡ್ಡು ಇಲ್ಲದಿದ್ದರೆ ಸರಕಾರಿ ಬ್ಯಾಂಕುಗಳಲ್ಲಿ ಈ ಯೋಜನೆಗೆ ಅಂತಲೇ 2 ಲಕ್ಷದವರೆಗೆ ಅಡಮಾನ ಇಲ್ಲದ ಸಾಲ ಇದೆ. ಪ್ಯಾನೆಲ್ ಒಳಗಿನ ಸೆಲ್ ಕೂಡ ದೇಶದಲ್ಲೇ ತಯಾರಾಗಿರಬೇಕು, ಅದಕ್ಕೆ ಡಿಸಿಆರ್ ಪ್ಯಾನೆಲ್ ಅನ್ನುತ್ತಾರೆ. ಕೊಟೇಶನ್‌ನಲ್ಲಿ ಆ ಮೂರು ಅಕ್ಷರ ಇಲ್ಲದಿದ್ದರೆ, ರೇಟು ಎಷ್ಟೇ ಕಡಿಮೆ ಇರಲಿ, ಸಬ್ಸಿಡಿ ಕೈಬಿಟ್ಟ ಹಾಗೆಯೇ. ಹಾಕುವವರ ಹೆಸರು ಯೋಜನೆಯ ಪೋರ್ಟಲ್‌ನಲ್ಲಿ ಇದೆಯಾ ಅಂತಲೂ ನೋಡಿ.

ನಮ್ಮೂರಲ್ಲಿ ಕೆಲಸ ನಿಲ್ಲುವುದು ಮಾತ್ರ ಪ್ಯಾನೆಲ್‌ನಿಂದ ಅಲ್ಲ, ಹೆಸರಿನಿಂದ. ಆರ್‌ಆರ್ ನಂಬರ್, ಅಂದರೆ ಬಿಲ್ ಮೇಲಿನ ಕರೆಂಟ್ ಸಂಪರ್ಕದ ನಂಬರ್, ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ. ಮನೆ ಮೂವರು ಅಣ್ಣತಮ್ಮಂದಿರ ಹೆಸರಲ್ಲಿ. ಅರ್ಜಿ ಹಾಕುವವನು ನಡುವಿನವನು. ಮೀಟರ್ ಯಾರ ಹೆಸರಲ್ಲಿದೆಯೋ ಅವರದೇ ಅರ್ಜಿ, ಅವರದೇ ಬ್ಯಾಂಕ್ ಖಾತೆ ಆಗಬೇಕು. ಆದ್ದರಿಂದ ವಾರಸಾ (ವಾರಸುದಾರರ ಹೆಸರಿಗೆ ದಾಖಲೆ) ಮಾಡಿಸಿ, ಉತಾರ (ಆಸ್ತಿ ದಾಖಲೆಯ ಪ್ರತಿ) ತೆಗೆಸಿ, ಮೀಟರ್ ಹೆಸರು ಬದಲಾಯಿಸಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ. ಅಣ್ಣತಮ್ಮಂದಿರ ಮಾತುಕತೆ ಅಡ್ವಾನ್ಸ್ ಕೊಡುವ ಮೊದಲೇ ಮುಗಿದರೆ ಒಳ್ಳೆಯದು.

ಟೆರೇಸ್ ಮೇಲೆ ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ಬೇಕು. ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಆ ಸಾಲಿನ ಉಳಿದವೂ ಕುಂಟುತ್ತವೆ. ಸಾಧನಕೇರಿ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ತೊಲೆ ಗಟ್ಟಿ ಇದೆಯಾ ಅಂತ ಬಡಿಗರಿಗೆ ತೋರಿಸದೆ ಕೈ ಹಾಕಬೇಡಿ. ಬೋರ್‌ವೆಲ್‌ನ ಗಡಸು ನೀರಿನಿಂದ ಪ್ಯಾನೆಲ್ ತೊಳೆದು ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕಟ್ಟುತ್ತದೆ. ನಲ್ಲಿ ನೀರು ಬಂದ ದಿನ ತೊಳೆಯಿರಿ, ಬಿಸಿಲು ಏರುವ ಮುಂಚೆ. ಗದಗ ಕಡೆಯವರು ಸೋಲಾರ್ ವಾಟರ್ ಹೀಟರ್ ಹಾಕಿಸುವಾಗಲೂ ನೀರಿನ ವಿಷಯ ಮೊದಲೇ ಹೇಳಿ. ಗಡಸು ನೀರಿಗೆ ತಾಮ್ರದ ಸಣ್ಣ ಪೈಪುಗಳು ಬೇಗ ಕಟ್ಟಿಕೊಳ್ಳುತ್ತವೆ, ಗಾಜಿನ ಕೊಳವೆಯದು ವಾಸಿ.

ಇನ್ನು ತೆರಿಗೆ. ಕೇಶ್ವಾಪುರದ ಒಬ್ಬರು ತಮ್ಮ ಮಗ ಅಮೆರಿಕದಿಂದ ಕಳಿಸಿದ ಮೆಸೇಜ್ ತೋರಿಸಿದರು: ಸೋಲಾರ್ ಖರ್ಚಿನ ಶೇ 30ರಷ್ಟು ತೆರಿಗೆಯಲ್ಲಿ ಕಡಿತ. ಅಲ್ಲಿ ಅದು ಇದ್ದದ್ದು ನಿಜ. ಆದರೆ ತೆರಿಗೆ ಕಟ್ಟುವವರಿಗೆ ಮಾತ್ರ ಉಪಯೋಗ, ಅದೂ 2025ರ ಡಿಸೆಂಬರ್ 31ರ ನಂತರದ ಖರ್ಚಿಗೆ ಇಲ್ಲ. ನಮ್ಮಲ್ಲಿ ಮನೆಯ ಸೋಲಾರ್‌ಗೆ, ಫ್ಯಾನಿಗೆ, ಫ್ರಿಜ್ಜಿಗೆ ಆದಾಯ ತೆರಿಗೆಯಲ್ಲಿ ಅಂಥ ಕಡಿತ ಇಲ್ಲ. ನಮ್ಮದು ಖಾತೆಗೆ ಬರುವ ದುಡ್ಡು. ತೆರಿಗೆ ಕಟ್ಟದ ಪಿಂಚಣಿದಾರರಿಗೂ ಅಷ್ಟೇ ಸಿಗುತ್ತದೆ, ಇದೇ ಚಲೋ ಅಂತ ನನ್ನ ಅಭಿಪ್ರಾಯ.

ಮನೆ ರಿಪೇರಿಗೆ ಬ್ಯಾಂಕಿನಿಂದ ಗೃಹಸಾಲ ತೆಗೆದು ಛಾವಣಿ, ಕಿಟಕಿ, ವೈರಿಂಗ್ ಮಾಡಿಸಿದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ವರ್ಷಕ್ಕೆ 30,000ದವರೆಗೆ ಬಡ್ಡಿ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಅದಿಲ್ಲ. ಅಂಗಡಿಗೆ, ಗಿರಣಿಗೆ ವ್ಯಾಪಾರದ ಲೆಕ್ಕದಲ್ಲಿ ಸೋಲಾರ್ ಹಾಕಿಸಿದರೆ ವರ್ಷಕ್ಕೆ ಶೇ 40 ಸವಕಳಿ (ಉಪಕರಣ ಹಳೆಯದಾಗುವ ಖರ್ಚು) ತೋರಿಸಬಹುದು, ಆದರೆ ಮನೆಯವರ ಸಬ್ಸಿಡಿ ಅಲ್ಲಿಗೆ ಬರುವುದಿಲ್ಲ. ಅದನ್ನು ನಿಮ್ಮ ಸಿಎ ಹತ್ತಿರ ಮಾತಾಡಿ.

2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಎಸಿಗೆ 28ರಿಂದ 18ಕ್ಕೆ. ಹಳೆಯ ಕೊಟೇಶನ್ ಹಿಡಿದು ಕೂತಿದ್ದರೆ ಹೊಸದು ಕೇಳಿ. ಸೂರ್ಯಘರ್ ಯೋಜನೆಯ ಅವಧಿ ಇಟ್ಟಿರುವುದು 2026-27ರ ತನಕ. ಹೆಸರು ಬದಲಾವಣೆ ಆಗಬೇಕಾದವರು ಆ ಅರ್ಜಿಯನ್ನು ಈಗಲೇ ಕೊಡಿ, ಪ್ಯಾನೆಲ್ ಆಮೇಲೆ ನೋಡೋಣ.