ಕತ್ತಲೆಯಲ್ಲಿ ದೆವ್ವ ತೇಲಿದ್ದು ಹೇಗೆ?

1930ರ ದಶಕದ ಅಮೆರಿಕ. ಟಾಕೀಸಿನಲ್ಲಿ ಕೊನೆಯ ಆಟ ಮುಗಿದ ಮೇಲೂ ಜನ ಮತ್ತೆ ಟಿಕೆಟ್ ಕೊಳ್ಳುತ್ತಿದ್ದರು. ಮಧ್ಯರಾತ್ರಿ ಶುರುವಾಗುವ ಸ್ಪೂಕ್ ಶೋ, ಅಂದರೆ ದೆವ್ವದಾಟ ನೋಡಲು. ಎಲ್ವಿನ್ ಚಾರ್ಲ್ಸ್ ಪೆಕ್ ಎಂಬ ಜಾದೂಗಾರ ದಾರಿ ಹಾಕಿಕೊಟ್ಟ. ಆಮೇಲೆ ಬಿಲ್ ನೆಫ್, 'ಡಾಕ್ಟರ್ ಸಿಲ್ಕಿನಿ' ಹೆಸರಿನ ಜ್ಯಾಕ್ ಬೇಕರ್ ಮೊದಲಾದವರು ಊರೂರು ಸುತ್ತಿದರು. ಜಾದೂ ಇರುತ್ತಿತ್ತು, ಜೊತೆಗೊಂದು ಭಯಾನಕ ಸಿನಿಮಾ. ಆದರೆ ಜನ ಕಾಯುತ್ತಿದ್ದುದು ಬ್ಲಾಕ್‌ಔಟ್‌ಗೆ.

ಕೆಲವೇ ನಿಮಿಷ ದೀಪಗಳೆಲ್ಲ ಆರುತ್ತಿದ್ದವು. ಹಸಿರಾಗಿ ಹೊಳೆಯುವ ದೆವ್ವಗಳು ತಲೆಯ ಮೇಲೇ ತೇಲಿ ಬರುತ್ತಿದ್ದವು. ಗಾಳದ ಕೋಲಿನ ತುದಿಗೆ ತೆಳ್ಳನೆಯ ಬಟ್ಟೆ, ಅದಕ್ಕೆ ಬಳಿದ ಹೊಳೆಯುವ ಬಣ್ಣ, ಕೋಲು ಹಿಡಿದವನ ಮೈಮೇಲೆ ಕಪ್ಪು ಉಡುಪು. ಸಾಮಾನು ಇಷ್ಟೇ.

ಈ ಬಣ್ಣದಲ್ಲಿರುವ ಜಿಂಕ್ ಸಲ್ಫೈಡ್‌ನಂಥ ಹರಳು ಬೆಳಕನ್ನು ಹೀರಿಕೊಳ್ಳುತ್ತದೆ. ಆಗ ಅದರೊಳಗಿನ ಕೆಲವು ಎಲೆಕ್ಟ್ರಾನ್‌ಗಳು ಎದ್ದು ಹೋಗಿ ಬೇರೆಡೆ ಸಿಕ್ಕಿಕೊಳ್ಳುತ್ತವೆ. ದೀಪ ಆರಿದ ಮೇಲೆ ನಿಧಾನವಾಗಿ ಬಿಡಿಸಿಕೊಂಡು ವಾಪಸ್ ಬರುವಾಗ, ಆ ಶಕ್ತಿ ಹೊಳಪಾಗಿ ಹೊರಬೀಳುತ್ತದೆ.

ಬಣ್ಣಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ನೋಡುವವರ ಕಣ್ಣು. ಬ್ಲಾಕ್‌ಔಟ್‌ಗೆ ಮುಂಚೆ ವೇದಿಕೆಯ ಮೇಲೆ ಫಳ್ ಎಂದು ಮಿಂಚು ಹೊಡೆಸುತ್ತಿದ್ದರು. ಎಂಥ ಜಾಣತನ ಅಲ್ವಾ! ಮಂದ ಬೆಳಕಿನಲ್ಲಿ ನಮಗೆ ಕಾಣಿಸುವುದು ರೆಟಿನಾದ ರಾಡ್ ಕೋಶಗಳಿಂದ. ಜೋರು ಬೆಳಕು ಬಿದ್ದರೆ ಅವುಗಳ ರೊಡಾಪ್ಸಿನ್ ಎಂಬ ವರ್ಣಕ ಒಡೆಯುತ್ತದೆ. ಅದು ಮತ್ತೆ ಕೂಡಿ, ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯೇ ಬೇಕು. ಅಷ್ಟರೊಳಗೆ ಆಟ ಮುಗಿದಿರುತ್ತಿತ್ತು. ಕೋಲು, ಕೈ ಯಾವುದೂ ಕಾಣುತ್ತಿರಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ಪೂರ್ತಿ ಕತ್ತಲೆಯಲ್ಲಿ ಒಂದೇ ಒಂದು ಚುಕ್ಕಿ ಬೆಳಕಿದ್ದರೆ, ಅದು ಸುಮ್ನೆ ನಿಂತಿದ್ದರೂ ಅಲೆದಾಡಿದಂತೆ ಕಾಣುತ್ತದೆ. ಹೋಲಿಸಿ ನೋಡಲು ಗೋಡೆಯಿಲ್ಲ, ಕುರ್ಚಿಯಿಲ್ಲ. ದೂರವೂ ತಿಳಿಯುವುದಿಲ್ಲ. ಹಾಗಾಗಿ ವೇದಿಕೆಯ ಹತ್ತಿರ ಆಡುತ್ತಿದ್ದ ಬಟ್ಟೆ, ಹಿಂದಿನ ಸಾಲಿನವರಿಗೂ ಮುಖಕ್ಕೇ ಬಂದಂತೆ ಅನಿಸಬಹುದು. ಅದೇ ಹೊತ್ತಿಗೆ 'ಹುಳುಗಳು ಬೀಳುತ್ತಿವೆ' ಎಂದು ಹೇಳಿ ಒದ್ದೆ ದಾರ ಎರಚಿದರೆ ಸಾಕು, ಚರ್ಮಕ್ಕೆ ಹುಳುವೇ ಹರಿದಂತಾಗುತ್ತಿತ್ತು. ಕಣ್ಣು ಸಾಕ್ಷಿ ಹೇಳದಿದ್ದಾಗ ಮಿದುಳು ಕೇಳಿದ ಮಾತನ್ನೇ ನಂಬಿಕೊಳ್ಳುತ್ತದೆ.

1950ರ ದಶಕದಲ್ಲಿ ಟಿವಿ ಮನೆಮನೆಗೆ ಬಂತು. 1957ರಿಂದ ಹಳೆಯ ಭಯಾನಕ ಸಿನಿಮಾಗಳೂ ಅದರಲ್ಲೇ ಬರತೊಡಗಿದವು. ಶೋಗಳು ಕಡಿಮೆಯಾದವು. ಸಿನಿಮಾವನ್ನು ಟಿವಿ ಮನೆಗೆ ತಂದುಕೊಟ್ಟಿತು, ಬ್ಲಾಕ್‌ಔಟನ್ನು ತರಲು ಅದಕ್ಕೆ ಆಗಲಿಲ್ಲ. ಟಿವಿ ಪರದೆಯೇ ಬೆಳಕು ಚೆಲ್ಲುತ್ತದಲ್ಲ!