ಗಡ್ಡೆ ಇರುವುದು ತಲೆಯೊಳಗೆ, ಸ್ಕ್ಯಾನ್ ಕಣ್ಣಿಗೇಕೆ?

ಪ್ರಶ್ನೆ: ನಮ್ಮ ತಾಯಿಯವರಿಗೆ ಪಿಟ್ಯುಟರಿ ಗ್ರಂಥಿಯಲ್ಲಿ (ಮಿದುಳಿನ ಬುಡದಲ್ಲಿರುವ ಹಾರ್ಮೋನ್ ಗ್ರಂಥಿ) ಗಡ್ಡೆ ಇರುವುದು ಎಂಆರ್‌ಐನಲ್ಲಿ ಗೊತ್ತಾಗಿದೆ. ಆಪರೇಷನ್‌ಗೆ ಮೊದಲು ಕಣ್ಣಿನ ಓಸಿಟಿ ಸ್ಕ್ಯಾನ್ ಮಾಡಿಸಲು ಹೇಳಿದ್ದಾರೆ. ಅದರಿಂದ ಹೊಸದಾಗಿ ಏನು ತಿಳಿಯುತ್ತದೆ?

ಉತ್ತರ: ಗಡ್ಡೆ ದೃಷ್ಟಿನರವನ್ನು ಎಷ್ಟು ಒತ್ತುತ್ತಿದೆ ಎಂಬುದನ್ನು ಎಂಆರ್‌ಐ ತೋರಿಸುತ್ತದೆ. ಆ ಒತ್ತಡದಿಂದ ನರದ ಎಳೆಗಳು ಎಷ್ಟು ಸತ್ತಿವೆ, ಎಷ್ಟು ಉಳಿದಿವೆ ಎಂಬುದನ್ನು ಅಂದಾಜು ಮಾಡಲು ಕಣ್ಣಿನೊಳಗೇ ನೋಡಬೇಕಾಗುತ್ತದೆ.

ಎರಡೂ ಕಣ್ಣುಗಳ ದೃಷ್ಟಿನರಗಳು ಪಿಟ್ಯುಟರಿ ಗ್ರಂಥಿಯ ಮೇಲ್ಭಾಗದಲ್ಲಿ ಒಂದುಗೂಡುತ್ತವೆ. ವೈದ್ಯರು ಇದನ್ನು ಕಯಾಸ್ಮಾ ಎನ್ನುತ್ತಾರೆ. ಪ್ರತಿ ಕಣ್ಣಿನ ಅಕ್ಷಿಪಟದಲ್ಲಿ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ಮೂಗಿನ ಕಡೆಯ ಅರ್ಧದಿಂದ ಹೊರಟ ಎಳೆಗಳು ಇಲ್ಲಿ ಎದುರು ಬದಿಗೆ ದಾಟುತ್ತವೆ, ಕೆಳಗಿನಿಂದ ಗಡ್ಡೆ ಬೆಳೆದಾಗ ಮೊದಲು ಪೆಟ್ಟು ತಿನ್ನುವುದೂ ಸಾಮಾನ್ಯವಾಗಿ ಇವೇ. ಈ ಎಳೆಗಳು ಹೊರಬದಿಯ ನೋಟವನ್ನು ಒಯ್ಯುವುದರಿಂದ ಎರಡೂ ಪಕ್ಕಗಳ ದೃಷ್ಟಿ ಮಸುಕಾಗುತ್ತದೆ. ಎದುರಿನ ಅಕ್ಷರಗಳನ್ನು ಸರಿಯಾಗಿ ಓದುವವರಿಗೂ ಬಾಗಿಲ ಚೌಕಟ್ಟು ಭುಜಕ್ಕೆ ತಗಲಬಹುದು, ಪಕ್ಕದಿಂದ ಬಂದ ಸ್ಕೂಟರ್ ಕಾಣದೆ ಹೋಗಬಹುದು.

1991ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಓಸಿಟಿ ತಂತ್ರವು ಬೆಳಕನ್ನು ಬಳಸಿ ಅಕ್ಷಿಪಟದ ಪದರಗಳನ್ನು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಲೆಕ್ಕದಲ್ಲಿ ಅಳೆಯುತ್ತದೆ. ಇದರಲ್ಲಿ ಚುಚ್ಚುಮದ್ದೂ ಇಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ದೃಷ್ಟಿನರದ ತಲೆಯ, ಅಂದರೆ ನರ ಕಣ್ಣಿನಿಂದ ಹೊರಡುವ ಜಾಗದ, ಸುತ್ತಲಿನ ನರ ಎಳೆಗಳ ಪದರ ಆರೋಗ್ಯವಂತರಲ್ಲಿ ಸರಾಸರಿ 100 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಆದರೆ ಈ ಕಾಯಿಲೆಯಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಅಕ್ಷಿಪಟದ ನಡುಭಾಗದಲ್ಲಿರುವ, ಈ ನರ ಎಳೆಗಳು ಹುಟ್ಟುವ ಗ್ಯಾಂಗ್ಲಿಯಾನ್ ಕೋಶಗಳ ಪದರಕ್ಕೆ. ಅದು ಮೂಗಿನ ಕಡೆಯಲ್ಲಿ ಮಾತ್ರ, ಲಂಬ ಗೆರೆ ಎಳೆದಂತೆ ತೆಳುವಾಗಿದ್ದರೆ ಕಯಾಸ್ಮಾದ ಮೇಲಿನ ಒತ್ತಡವೇ ಕಾರಣವೆಂಬ ಅನುಮಾನ ಬಲವಾಗುತ್ತದೆ. ದೃಷ್ಟಿನರವನ್ನು ಹಾಳುಮಾಡುವ ಇನ್ನೊಂದು ಕಾಯಿಲೆಯಾದ ಗ್ಲಾಕೋಮಾದಲ್ಲಿ ಈ ವ್ಯತ್ಯಾಸ ಹೆಚ್ಚಾಗಿ ಮೇಲು–ಕೆಳಗಿನದು.

ನಿಮ್ಮ ಪ್ರಶ್ನೆಯ ಮುಖ್ಯ ಭಾಗ ಇಲ್ಲಿದೆ. ಒತ್ತಡಕ್ಕೆ ಸಿಕ್ಕ ಎಳೆ ಕೆಲಸ ನಿಲ್ಲಿಸಿದ ಕೂಡಲೇ ಸಾಯುವುದಿಲ್ಲ. ಹಾನಿ ಕಯಾಸ್ಮಾದಿಂದ ಹಿಂದಕ್ಕೆ ಕಣ್ಣಿನವರೆಗೆ ತಲುಪಲು ವಾರಗಳು, ತಿಂಗಳುಗಳು ಹಿಡಿಯುತ್ತವೆ. ಹೀಗಾಗಿ ಕಣ್ಣಿಗೆ ಎಷ್ಟು ಅಗಲಕ್ಕೆ ಕಾಣುತ್ತದೆ ಎಂದು ಅಳೆಯುವ ಫೀಲ್ಡ್ ಟೆಸ್ಟ್‌ನಲ್ಲಿ ಪಕ್ಕದ ನೋಟ ಹೋಗಿದ್ದರೂ ಓಸಿಟಿಯಲ್ಲಿ ಪದರಗಳು ದಪ್ಪವಾಗಿಯೇ ಇದ್ದರೆ, ಒತ್ತಡ ತೆಗೆದ ಮೇಲೆ ದೃಷ್ಟಿ ಮರಳುವ ಸಾಧ್ಯತೆ ಹೆಚ್ಚು. ಪದರ ಬಹಳ ತೆಳುವಾಗಿದ್ದರೆ ನಿರೀಕ್ಷೆ ತಗ್ಗಿಸಿಕೊಳ್ಳಬೇಕಾಗುತ್ತದೆ, ಆದರೆ ಅಂಥವರಲ್ಲೂ ಕೆಲವರಿಗೆ ನೋಟ ಸುಧಾರಿಸುವುದರಿಂದ ಆ ಕಾರಣಕ್ಕೆ ಚಿಕಿತ್ಸೆಯನ್ನೇ ಕೈಬಿಡುವುದು ಸರಿಯಲ್ಲ. ತೀವ್ರ ಸಮೀಪದೃಷ್ಟಿ, ಗ್ಲಾಕೋಮಾ ಅಥವಾ ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಕ್ಕೆ ತೊಂದರೆ ಇರುವವರಲ್ಲಿ ಅಂಕಿಗಳನ್ನು ಇನ್ನಷ್ಟು ಎಚ್ಚರಿಕೆಯಿಂದ ಓದಬೇಕು.

ಆಪರೇಷನ್ ಬಳಿಕ ಓಸಿಟಿ ಅಂಕಿ ಏರಲಿಲ್ಲವೆಂದು ಗಾಬರಿಯಾಗಬೇಡಿ. ಸತ್ತ ಎಳೆಗಳು ಮತ್ತೆ ಹುಟ್ಟುವುದಿಲ್ಲ. ದೃಷ್ಟಿ ಸುಧಾರಿಸುತ್ತಿರುವಾಗಲೇ ಪದರ ಇನ್ನೂ ಸ್ವಲ್ಪ ತೆಳುವಾಗುವುದೂ ಉಂಟು. ಚೇತರಿಕೆಯನ್ನು ಅಳೆಯುವುದು ಫೀಲ್ಡ್ ಟೆಸ್ಟ್; ಚೇತರಿಕೆ ಕೆಲವರಲ್ಲಿ ದಿನಗಳಲ್ಲೇ ಶುರುವಾಗಿ ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಸ್ರವಿಸುವ ಗಡ್ಡೆಗಳು ಕ್ಯಾಬರ್ಗೋಲಿನ್ ಮಾತ್ರೆಗೇ ಕುಗ್ಗುವುದುಂಟು. ಆಗಲೂ ಇದೇ ಪರೀಕ್ಷೆಗಳು ಬೇಕಾಗುತ್ತವೆ.

ಹಠಾತ್ ತೀವ್ರ ತಲೆನೋವು, ವಾಂತಿ, ದೃಷ್ಟಿ ಕುಸಿತ ಕಂಡರೆ ಗಡ್ಡೆಯೊಳಗೆ ರಕ್ತಸ್ರಾವವಾಗಿರಬಹುದು. ಯಾವ ಸ್ಕ್ಯಾನ್ ಅಪಾಯಿಂಟ್‌ಮೆಂಟನ್ನೂ ಕಾಯದೆ ತುರ್ತು ವಿಭಾಗಕ್ಕೆ ಹೋಗಬೇಕು. ಉಳಿದಂತೆ, ಮುಂದಿನ ಓಸಿಟಿಗಳನ್ನು ಸಾಧ್ಯವಾದಷ್ಟು ಅದೇ ಯಂತ್ರದಲ್ಲಿ ಮಾಡಿಸಿ, ಏಕೆಂದರೆ ಬೇರೆ ಕಂಪನಿಗಳ ಯಂತ್ರಗಳ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು.